ಹೊಸ ಟೈರು ಬಿಟ್ಟುಹೋದ ಕಳ್ಳ

ಓಸ್ಲಾಗ್‌ಳ ಕಾರು ಮನೆಯ ಗೇಟು ದಾಟಿ ಮೊದಲ ತಿರುವಿನಲ್ಲೇ ಜಾರಿತು. ಎಡಕ್ಕೆ ತಿರುಗಿಸಿದರೆ ನೆಟ್ಟಗೆ ಹೋಯಿತು. ರಸ್ತೆ ಪಕ್ಕದ ಹಿಮದ ದಿಬ್ಬಕ್ಕೆ ಮೂತಿ ಹುಗಿದು ನಿಂತಿತು.

ಪೆಟ್ಟೇನೂ ಆಗಲಿಲ್ಲ. ಪಕ್ಕದ ಸೀಟಿನ ಔಷಧದ ಚೀಲ ಮಾತ್ರ ಕೆಳಗೆ ಬಿದ್ದಿತ್ತು. ವರ್ಷಗಟ್ಟಲೆ ಇದೇ ರಸ್ತೆಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಇಂಜೆಕ್ಷನ್ ಕೊಟ್ಟು ಬರುವ ನರ್ಸ್ ಅವಳು. ಒಮ್ಮೆಯೂ ಜಾರಿದವಳಲ್ಲ. ಸಿಟ್ಟಿನಿಂದ ಕೆಳಗಿಳಿದಳು. ಟೈರಿಗೆ ಒದೆಯಲು ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು.

ಆ ಟೈರು ಅವಳದಲ್ಲ.

ಅವಳದು ಮೊಳೆ ಟೈರು. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ರಬ್ಬರಿನ ತುಂಬ ಉಕ್ಕಿನ ಮೊಳೆ. ಇದರಲ್ಲಿ ಒಂದು ಮೊಳೆಯೂ ಇಲ್ಲ. ಕಾರನ್ನು ಒಂದು ಸುತ್ತು ಬಂದಳು. ನಾಲ್ಕು ಚಕ್ರಗಳೂ ಬದಲಾಗಿದ್ದವು. ನಾಲ್ಕೂ ಹೊಚ್ಚ ಹೊಸವು.

*

"ಒಂದ್ನಿಮಿಷ ತಡಿ," ಅಂದಳು ಗುನ್ವೋರ್. ಸ್ಕಾರ್ವಡಾಲ್ ಕಣಿವೆಗೆಲ್ಲ ಅವಳೊಬ್ಬಳೇ ಪೊಲೀಸ್ ಅಧಿಕಾರಿ. ಓಸ್ಲಾಗ್‌ಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. "ಕಳ್ಳ ನಿನ್ನ ಟೈರು ಕದ್ದ. ಬದಲಿಗೆ ಅದಕ್ಕಿಂತ ದುಬಾರಿ ಟೈರು ಹಾಕಿಕೊಟ್ಟು ಹೋದ. ಹೌದಾ?"

"ಹೌದು."

"ಅವನು ಸಿಕ್ಕಿದ್ರೆ ನಮ್ಮನೆ ವಿಳಾಸ ಕೊಡೇ."

"ನಗಬೇಡ. ಸತ್ತೇ ಹೋಗ್ತಿದ್ದೆ ನಾನು. ಮೊದಲು ಮೇಲ್ಗಡೆ ಮನೆ ಅಜ್ಜನಿಗೆ ಇನ್ಸುಲಿನ್ ಕೊಡಬೇಕು. ನಿನ್ನ ಗಾಡೀಲೇ ಬಿಡು."

ದಾರಿಯಲ್ಲಿ ಗುನ್ವೋರ್ ಕೇಳಿದಳು. "ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು? ಅರ್ನ್‌ಫಿನ್‌ನದೇ ಕೆಲಸ."

ಅರ್ನ್‌ಫಿನ್ ಅವಳ ತಮ್ಮ. ಬೆಟ್ಟದ ಮೇಲಿನ ಸ್ಕೀಯಿಂಗ್ ಹೋಟೆಲಿನಲ್ಲಿ ಅಡುಗೆಯವನು. ಅಕ್ಕ ತಮ್ಮಂದಿರ ನಡುವೆ ಆಸ್ತಿಗಾಗಿ ಜಗಳ ಆಗಿದ್ದಿಲ್ಲ. ಟೈರಿಗಾಗಿ ಪ್ರತಿ ಚಳಿಗಾಲ ಆಗುತ್ತಿತ್ತು. ಮೊಳೆ ರಸ್ತೆ ಕೆರೆಯುತ್ತದೆ, ಧೂಳು ಎಬ್ಬಿಸುತ್ತದೆ, ಕಿವಿ ಕೊರೆಯುತ್ತದೆ ಎಂದು ಅವನು. ಮೊಳೆಯಿಲ್ಲದ ಟೈರು ಹಾಕುವವರು ಉಯಿಲು ಬರೆದಿಟ್ಟು ಹೊರಡಬೇಕು ಎಂದು ಇವಳು.

*

ಗೆಳತಿಯರು ಅಜ್ಜನಿಗೆ ಇನ್ಸುಲಿನ್ ಕೊಟ್ಟು ಮರಳುವ ಹೊತ್ತಿಗೆ, ಗುನ್ವೋರ್ ಫೋನ್ ಮಾಡಿ ಕರೆದದ್ದಕ್ಕೆ ಅರ್ನ್‌ಫಿನ್ ದಿಬ್ಬದ ಬಳಿಗೇ ಬಂದ. ಅಕ್ಕನ ಕಾರಿನ ಹೊಸ ಟೈರು ನೋಡಿ ಕಣ್ಣರಳಿಸಿದ.

"ಅಬ್ಬಾ! ಕೊನೆಗೂ ಬುದ್ಧಿ ಬಂತಾ ನಿನಗೆ?"

"ನಾಟಕ ಆಡಬೇಡ ಕಣೋ," ಓಸ್ಲಾಗ್ ರೇಗಿದಳು. "ನೀನೇ ಹಾಕಿದ್ದು. ನಿನ್ನ ಗಾಡೀಲೂ ಇದೇ ಕಂಪನಿದು ಇದೆ."

"ನಾನು ಹಾಕಿಸಿದ್ರೆ ಕಣಿವೆಗೆಲ್ಲ ಡಂಗುರ ಹೊಡೀತಿರಲಿಲ್ವಾ? ಕದ್ದು ಉಪಕಾರ ಮಾಡೋ ಜಾತಿ ಅಲ್ಲ ನಾನು."

ಅದು ನಿಜವೇ ಎನ್ನಿಸಿತು ಗುನ್ವೋರ್‌ಗೆ. ಆದರೂ ಬೆರಳಚ್ಚು ಏನಾದರೂ ಇದ್ದೀತೆಂದು ಜಾಕ್ ಹಚ್ಚಿ ಒಂದು ಚಕ್ರ ಬಿಚ್ಚಿದಳು. ಬೋಲ್ಟುಗಳು ಒಂದೇ ಬಿಗಿಯಲ್ಲಿದ್ದವು, ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆರಳಚ್ಚು ಸಿಗಲಿಲ್ಲ. ಚಕ್ರ ಕೂರುವ ಜಾಗ ಮಾತ್ರ ಅವಳ ಕಣ್ಣು ಸೆಳೆಯಿತು. ಹಳೇ ಕಾರು. ಅಲ್ಲಿ ತುಕ್ಕು ಹಿಡಿದಿರಬೇಕಿತ್ತು. ಆದರೆ ಯಾರೋ ತಂತಿ ಬ್ರಷ್ಷಿನಲ್ಲಿ ತಿಕ್ಕಿ ಬೆಳ್ಳಗೆ ಮಾಡಿದ್ದರು.

"ನೀನಲ್ಲ ಬಿಡು," ಅಂದಳು ಅರ್ನ್‌ಫಿನ್‌ಗೆ.

"ಅಷ್ಟು ಬೇಗ ನಂಬಿದ್ಯಾ?"

"ನೀನು ಬಿಗಿಸಿದ ಚಕ್ರ ಹೋದ ವರ್ಷ ನಿನಗಿಂತ ಮುಂಚೆ ಸೇತುವೆ ದಾಟಿತ್ತು. ಇದು ನಿನ್ನ ಕೈಕೆಲಸ ಅಲ್ಲ."

ಓಸ್ಲಾಗ್ ಬೆಳಗಿನಿಂದ ಮೊದಲ ಬಾರಿ ನಕ್ಕಳು.

ಗುನ್ವೋರ್ ನಗಲಿಲ್ಲ. ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ, ಸಿಕ್ಕಿಬೀಳುವ ಭಯದಲ್ಲೂ ನಿಂತು ತುಕ್ಕು ತಿಕ್ಕುವವನು ಯಾರು? ಅದನ್ನು ದಿನವೂ ಮಾಡಿ ಕೈಗೆ ರೂಢಿಯಾದವನು. ಕಣಿವೆಯಲ್ಲಿ ಟೈರಿನಂಗಡಿ ಒಂದೇ. ಟೊರ್ಗೆಯರ್‌ನದು. ಆದರೆ ಅಂಗಡಿಯವನು ತನ್ನದೇ ಹೊಸ ಸರಕನ್ನು ಹೀಗೆ ಕತ್ತಲಲ್ಲಿ ಯಾಕೆ ದಾನ ಮಾಡುತ್ತಾನೆ?

"ನಿನ್ನ ಮೊಳೆ ಟೈರು ಎಲ್ಲಿ ತಗೊಂಡಿದ್ದು?"

"ಇನ್ನೆಲ್ಲಿ, ಟೊರ್ಗೆಯರ್ ಹತ್ರ. ಈ ಸಲ ಹಿಮ ಬೇಗ ಬಿತ್ತಲ್ಲ, ಇಡೀ ಕಣಿವೆ ಅಲ್ಲಿ ಸಾಲು ನಿಂತಿತ್ತು. ಎರಡೇ ಸೆಟ್ ಉಳಿದಿದ್ವು. ಒಂದು ನನಗೆ, ಇನ್ನೊಂದು ಪೋಸ್ಟ್‌ಮ್ಯಾನ್ ಸಿವರ್ಟ್‌ಗೆ."

ಗುನ್ವೋರ್ ಕೈಯಲ್ಲಿದ್ದ ಬೋಲ್ಟು ಹಿಮದೊಳಗೆ ಬಿತ್ತು.

*

ಸಿವರ್ಟ್ ಆಸ್ಪತ್ರೆಯಲ್ಲಿದ್ದ. ಹಿಂದಿನ ವಾರ ಹೊಳೆಯ ತಿರುವಿನಲ್ಲಿ ಅವನ ಕಾರು ಜಾರಿ ಬಂಡೆಗೆ ಬಡಿದಿತ್ತು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಅಲ್ಲಿಗೆ ಹೋಗಿ ನೋಡಿದವಳು ಗುನ್ವೋರ್. ಟೈರು ಹೊಸದು, ಮೊಳೆ ಫಳಫಳ ಹೊಳೆಯುತ್ತಿದೆ. ಅಂದ ಮೇಲೆ ಇನ್ನೇನು? ಅತಿ ವೇಗ. ಹಾಗೆಂದೇ ವರದಿ ಬರೆದಿದ್ದಳು. ಅವನ ಲೈಸೆನ್ಸೂ ಅವಳ ಮೇಜಿನ ಡ್ರಾಯರಿನಲ್ಲಿತ್ತು. ಲೈಸೆನ್ಸಿಲ್ಲದ ಪೋಸ್ಟ್‌ಮ್ಯಾನಿಗೆ ಈ ಕಣಿವೆಯಲ್ಲಿ ಕೆಲಸವಿಲ್ಲ.

ನಜ್ಜುಗುಜ್ಜಾದ ಕಾರು ಠಾಣೆಯ ಹಿಂದಿನ ಬೀಗ ಹಾಕಿದ ಶೆಡ್ಡಿನಲ್ಲಿತ್ತು. ಗುನ್ವೋರ್ ಮಂಡಿಯೂರಿ ಒಂದು ಮೊಳೆಯನ್ನು ಎರಡು ಬೆರಳಿನಿಂದ ಹಿಡಿದೆಳೆದಳು. ಸಡಿಲ ಹಲ್ಲಿನಂತೆ ಕೈಗೇ ಬಂತು. ಇನ್ನೊಂದು ಎಳೆದಳು. ಅದೂ ಬಂತು. ಮೊಳೆ ಹೊಸದು, ಗುಳಿ ಹಳೆಯದು. ರಬ್ಬರನ್ನು ಉಗುರಿನಿಂದ ಒತ್ತಿದಳು. ಮರದಷ್ಟು ಗಟ್ಟಿ.

ಪ್ರತಿ ಟೈರಿನ ಮೈಮೇಲೂ ಅದು ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಎಡಗಡೆಯ ಎರಡು ಟೈರುಗಳಲ್ಲಿ ಆ ಜಾಗವನ್ನು ಉಜ್ಜಿ ಕಪ್ಪು ಬಳಿದಿತ್ತು. ಬಲಗಡೆ ಹೊರಮೈಯಲ್ಲಿ ತಾರೀಖೇ ಇರಲಿಲ್ಲ. ಗುನ್ವೋರ್ ಟಾರ್ಚು ಹಿಡಿದು ಕಾರಿನ ಕೆಳಗೆ ತೆವಳಿದಳು. ಬಲ ಟೈರಿನ ಒಳಮೈಗೆ ಬೆಳಕು ಬಿಟ್ಟಳು.

ಹನ್ನೊಂದು ವರ್ಷ ಹಳೆಯ ಟೈರು.

ಅವಳು ತೆವಳಿ ಹೊರಬಂದು ಆ ಚಕ್ರ ಬಿಚ್ಚತೊಡಗಿದಳು.

*

ಟೊರ್ಗೆಯರ್ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದ. ಗುನ್ವೋರ್ ಸಿವರ್ಟ್‌ನ ಕಾರಿನ ಚಕ್ರವೊಂದನ್ನು ಉರುಳಿಸಿಕೊಂಡು ಒಳಗೆ ಬಂದಳು. ಅವನು ಚಕ್ರ ನೋಡಿದ. ಅವಳ ಮುಖ ನೋಡಿದ. ಲೋಟ ಕೆಳಗಿಟ್ಟ.

"ಓಸ್ಲಾಗ್ ಹುಷಾರಾಗಿದಾಳಾ?"

"ಅವಳ ಹೆಸರು ನಾನಿನ್ನೂ ಎತ್ತಿಲ್ವಲ್ಲ, ಟೊರ್ಗೆಯರ್."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಗುನ್ವೋರ್ ನಿಂತೇ ಹೇಳಿದಳು.

"ಹಿಮ ಬೇಗ ಬಿತ್ತು. ನಿನ್ನ ಸರಕು ಬರಲಿಲ್ಲ. ಜನ ಸಾಲು ನಿಂತ್ರು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಟೈರಿಗೆ ಹೊಸ ಮೊಳೆ ಹೊಡೆದು, ಬಣ್ಣ ಬಳಿದು ಮಾರಿದೆ. ಈ ಟೈರು ತಿರುಗೋ ದಿಕ್ಕು ಒಂದೇ. ಹಾಗಾಗಿ ತಾರೀಖು ಗಾಡಿಯ ಒಂದು ಪಕ್ಕಕ್ಕೆ ಹೊರಗೆ ಕಾಣುತ್ತೆ, ಇನ್ನೊಂದು ಪಕ್ಕಕ್ಕೆ ಒಳಗೆ ಹೋಗುತ್ತೆ. ಕಾಣೋದನ್ನ ಉಜ್ಜಿದೆ. ಕಾಣದ್ದನ್ನ ಹಾಗೇ ಬಿಟ್ಟೆ. ಯಾರು ಕೆಳಗೆ ತೆವಳಿ ನೋಡ್ತಾರೆ ಅಂತ. ಸರಿನಾ?"

"ಸರಿ."

"ಸಿವರ್ಟ್ ಜಾರಿದ. ಅವನ ಕಾರು ನನ್ನ ಶೆಡ್ಡಿನಲ್ಲಿತ್ತು, ನಿನ್ನ ಕೈಗೆ ಸಿಗೋದಲ್ಲ. ಉಳಿದಿದ್ದು ಓಸ್ಲಾಗ್‌ಳ ಸೆಟ್. ಅದನ್ನ ಕದ್ದು ತಂದ್ರೆ ನಿನ್ನ ತಪ್ಪು ಮುಚ್ಚಿಹೋಗ್ತಿತ್ತು. ಬರೀ ಬಿಚ್ಕೊಂಡು ಬಂದಿದ್ರೆ ಎಂಥದೋ ಕಳ್ಳತನ ಅಂದ್ಕೋತಿದ್ದೆ. ಹೊಸದು ಯಾಕೆ ಹಾಕಿದೆ?"

"ಟೈರಿಲ್ಲ ಅಂತ ಅವಳು ಮನೇಲಿ ಕೂತ್ರೆ ಮೇಲಿನ ಮನೆ ಮುದುಕನ ಗತಿ ಏನು?" ಟೊರ್ಗೆಯರ್ ತಲೆಯೆತ್ತಲಿಲ್ಲ. "ಒಳ್ಳೇ ಟೈರನ್ನೇ ಹಾಕಿದೆ, ಗುನ್ವೋರ್. ಅವಳ ಅಳತೇಲಿ ಇದ್ದಿದ್ದು ಅದೊಂದೇ."

"ಒಳ್ಳೇದೇ. ಬೆಟ್ಟದ ಮೇಲಿನ ಒಣ ಚಳಿಗೆ, ಅರ್ನ್‌ಫಿನ್ ಓಡಾಡೋ ಗಟ್ಟಿ ಹಿಮಕ್ಕೆ ಅದು ಬಂಗಾರ. ಆದ್ರೆ ಅವಳು ಓಡಾಡೋದು ಕಡಲು ಒಳನುಗ್ಗಿರೋ ಫ್ಯೋರ್ಡಿನ ದಡದಲ್ಲಿ. ಹಗಲು ಕರಗಿ, ರಾತ್ರಿ ಗಾಜಾಗೋ ರಸ್ತೆ. ಅಲ್ಲಿ ಮೊಳೆಯೇ ಬೇಕು. ಅದೂ ಹೋಗಲಿ, ಟೈರು ಬದಲಾಗಿದ್ದೇ ಅವಳಿಗೆ ಗೊತ್ತಿರಲಿಲ್ಲ. ಮೊಳೆ ಇದೆ ಅಂತ್ಲೇ ತಿರುವು ತಗೊಂಡಳು. ಇವತ್ತು ಬೆಳಿಗ್ಗೆ ದಿಬ್ಬಕ್ಕೆ ಹೋಗಿ ಹೊಡೆದಳು."

ಟೊರ್ಗೆಯರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಏನೂ ಆಗಿಲ್ಲ ಅವಳಿಗೆ," ಅಂದಳು ಗುನ್ವೋರ್. "ಆದ್ರೆ ಹೊಳೇ ತಿರುವಲ್ಲಿ ಒಬ್ಬನ ಕಾಲು ಮುರೀತು. ಒಂದು ವಾರದಿಂದ ಊರೆಲ್ಲ ಅವನನ್ನ ಬೈತಿದೆ. ನೀನು ಕೇಳಿಸ್ಕೊಂಡು ಸುಮ್ಮನಿದ್ದೆ."

"ಮಾತಾಡೋಣ ಅಂತ ದಿನಾ ಎದ್ದೆ. ದಿನಾ ಧೈರ್ಯ ಬರಲಿಲ್ಲ." ಅವನು ಎದ್ದು ಹಿಂದಿನ ಬಾಗಿಲು ತೆರೆದ. ಟಾರ್ಪಾಲಿನ ಅಡಿಯಲ್ಲಿ ಓಸ್ಲಾಗ್‌ಳ ನಾಲ್ಕು ಚಕ್ರಗಳಿದ್ದವು. "ಗಾಡಿ ತಂದಿದೀಯಾ, ನಡ್ಕೊಂಡು ಬರ್ಲಾ?"

"ಕೋಟು ಹಾಕ್ಕೋ. ಹೊರಗೆ ಚಳಿ ಇದೆ."

*

ಆಸ್ಪತ್ರೆಯ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಸಿವರ್ಟ್‌ನ ಹೆಂಡತಿ ಮಾರಿಟ್ ಮನೆಯಲ್ಲಿ ದೋಸೆಯಷ್ಟೇ ತೆಳ್ಳಗಿನ ವಾಫಲ್ ಮಾಡಿ, ಕಂದು ಚೀಸು ಇಟ್ಟು ತಂದಿದ್ದಳು. ಗುನ್ವೋರ್ ಲೈಸೆನ್ಸನ್ನು ಹೊದಿಕೆಯ ಮೇಲಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು.

"ಐವತ್ತರ ವೇಗದಲ್ಲಿದ್ದೆ ಅಂತ ನೀನು ಅವತ್ತೇ ಹೇಳಿದ್ದೆ. ನಾನು ನಂಬಲಿಲ್ಲ. ಕ್ಷಮಿಸು, ಸಿವರ್ಟ್. ವರದಿ ಬದಲಾಯಿಸಿದೀನಿ."

ಸಿವರ್ಟ್ ಲೈಸೆನ್ಸಿನ ಫೋಟೊ ನೋಡುತ್ತ ಕೂತ.

"ನಮ್ಮ ಮಾವನೂ ಸೇರಿ ಎಲ್ಲರೂ ಜೋರಾಗಿ ಹೋದೆ ಜೋರಾಗಿ ಹೋದೆ ಅಂದ್ರಲ್ಲ," ಅಂದ ಮೆಲ್ಲಗೆ. "ಹೋಗಿದ್ದೆನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು. ಕಣ್ಣು ಮುಚ್ಚಿದ್ರೆ ಸ್ಪೀಡಿನ ಮುಳ್ಳು ಎಂಬತ್ತಕ್ಕೆ ಹೋಗ್ತಿತ್ತು."

"ಐವತ್ತೇ," ಅಂದಳು ಗುನ್ವೋರ್.

ಸಿವರ್ಟ್ ದಿಂಬಿಗೊರಗಿ ಉಸಿರು ಬಿಟ್ಟ. ಆಮೇಲೆ ಒಂದು ವಾಫಲ್ ಕೈಗೆತ್ತಿಕೊಂಡು ಬಾಯಿ ತುಂಬ ತುರುಕಿಕೊಂಡ. ಹೆಂಡತಿಯ ಕಡೆ ತಿರುಗಿದ.

"ಮಾರಿಟ್, ನಿಮ್ಮಪ್ಪನಿಗೆ ಫೋನ್ ಹಚ್ಚೇ. ಈಗ್ಲೇ. ಐವತ್ತು ಅಂತ ಹೇಳು. ಕಿವಿ ಮಂದ ಅಲ್ವಾ, ಎರಡು ಸಲ ಕೂಗಿ ಹೇಳು."