ಕಿಟಕಿಯಲ್ಲಿಡುತ್ತಿದ್ದ ಫೋನು

"ರೀ, ಯಾರ್ರೀ ಅದು? ಆ ವೈರ್ ಯಾಕೆ ಕೀಳ್ತಿದ್ದೀರಾ?"

ರಂಗನಾಥನಿಗೆ ನಾನು ಹೇಳಿದ ಮೊದಲ ಮಾತು ಇದು. ಗ್ರಾಮ ಪಂಚಾಯ್ತಿ ಲೈಬ್ರರಿಯ ಬಾಗಿಲು ಅರ್ಧ ತೆರೆದಿತ್ತು. ಮಾಸ್ಕ್ ಹಾಕಿಕೊಂಡ ಒಬ್ಬ ಗಂಡಸು ಕಂಪ್ಯೂಟರ್ ಟೇಬಲ್ಲಿನ ಕೆಳಗೆ ನುಗ್ಗಿ ಇಂಟರ್ನೆಟ್ ರೌಟರನ್ನು ಎಳೆಯುತ್ತಿದ್ದ. ಲೈಬ್ರರಿ ನೋಡಿಕೊಳ್ಳುವವಳು ನಾನು. ಕೈಯಲ್ಲಿದ್ದ ಪೊರಕೆಯನ್ನು ಎತ್ತಿ ಹಿಡಿದೇ ಕೇಳಿದ್ದೆ.

ಅವನು ಗಾಬರಿಯಿಂದ ಎದ್ದವನೇ ತಲೆಯನ್ನು ಟೇಬಲ್ಲಿಗೆ ಹೊಡೆದುಕೊಂಡ.

"ಅಯ್ಯೋ, ಕದಿಯೋಕ್ ಬಂದಿಲ್ಲ ಮೇಡಂ. ಮೆಂಬರ್ ಮಹಾಲಿಂಗಯ್ಯನೋರು ಬೀಗದ ಕೈ ಕೊಟ್ಟು ಕಳ್ಸವ್ರೆ. ಮೊದ್ಲು ಆ ಪೊರಕೆ ಇಳಿಸಿ."

ಇಳಿಸಿದೆ. ತಲೆ ಉಜ್ಜಿಕೊಳ್ಳುತ್ತಾ ನಕ್ಕ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ನಕ್ಕಾಗ ಆ ಕಣ್ಣುಗಳ ಅಂಚಿನಲ್ಲಿ ಮೂರು ಸಣ್ಣ ಗೆರೆ ಮೂಡಿದವು. ಮೂರೇ ಎಂದು ಯಾಕೆ ಎಣಿಸಿದೆನೋ, ಇವತ್ತಿಗೂ ಗೊತ್ತಿಲ್ಲ.

ಅದು ಕೊರೊನಾದ ಎರಡನೇ ಅಲೆ ಇಳಿಯುತ್ತಿದ್ದ ಮಳೆಗಾಲ. ಶಾಲೆ ಇನ್ನೂ ತೆರೆದಿರಲಿಲ್ಲ, ಪಾಠವೆಲ್ಲ ಆನ್‌ಲೈನ್. ಹತ್ತನೇ ಕ್ಲಾಸಿನ ಏಳು ಹುಡುಗಿಯರ ಮನೆಗಳಲ್ಲಿ ಪಾಠ ನೋಡುವಂಥ ಫೋನೇ ಇರಲಿಲ್ಲ. ಲೈಬ್ರರಿಯ ಎರಡು ಹಳೇ ಕಂಪ್ಯೂಟರುಗಳೇ ಅವರಿಗೆ ಗತಿ. ಅಷ್ಟರಲ್ಲಿ ರಸ್ತೆ ಅಗೆಯುವ ಜೆಸಿಬಿ ಕೇಬಲ್ಲನ್ನು ತುಂಡು ಮಾಡಿತ್ತು. ಹದಿನೈದು ದಿನದಿಂದ ಹುಡುಗಿಯರು ಬಂದು, ಪರದೆಯ ಮೇಲೆ ಸುಮ್ಮನೆ ತಿರುಗುವ ಚಕ್ರ ನೋಡಿ ವಾಪಸ್ ಹೋಗುತ್ತಿದ್ದರು. ಭವ್ಯಳ ಅಪ್ಪ ಪರ್ವತಯ್ಯನಂತೂ, "ಪಾಠ ಇಲ್ದಿದ್ ಮ್ಯಾಲೆ ಹೂ ಬಿಡಿಸೋಕಾದ್ರೂ ಹೋಗ್ಲಿ" ಎಂದು ಮಗಳನ್ನು ಕೂಲಿಗೆ ಕಳಿಸತೊಡಗಿದ್ದ. ಓದಿನಲ್ಲಿ ಏಳು ಜನರಲ್ಲೂ ಅವಳೇ ಮುಂದು.

ಹತ್ತಿರದ ಕೊಡಿಗೇನಹಳ್ಳಿಯ ಬಸ್ ಸ್ಟ್ಯಾಂಡಿನ ಪಕ್ಕ ರಂಗನಾಥನ ಮೊಬೈಲ್ ರಿಪೇರಿ ಅಂಗಡಿ. ರೌಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಲೈನ್ ಸರಿಯಾಗೋಕೆ ತಿಂಗಳುಗಟ್ಟಲೆ ಆಯ್ತದೆ ಮೇಡಂ. ಈ ಕಂಪ್ಯೂಟರ್‌ಗೆ ವೈಫೈ ಇಲ್ಲ, ಫೋನಲ್ಲಿ ಹಾಟ್‌ಸ್ಪಾಟ್ ಹಾಕಿದ್ರೂ ಹಿಡಿಯಲ್ಲ. ಆದ್ರೆ ಇಲ್ನೋಡಿ, ರೌಟರ್ ಬೆನ್ನಾಗೆ ಯುಎಸ್‌ಬಿ ತೂತು ಐತೆ."

ಜೇಬಿನಿಂದ ತನ್ನ ಫೋನು ತೆಗೆದು, ಚಾರ್ಜಿಂಗ್ ವೈರಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ರೌಟರಿಗೂ ಚುಚ್ಚಿದ. ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ, ಫೋನಿನ ನೆಟ್ಟು ವೈರಿನ ಮೂಲಕ ರೌಟರಿಗೆ ಹರಿಯುವ ಹಾಗೆ. ಕಂಪ್ಯೂಟರಿನಲ್ಲಿ ರೌಟರಿನ ಸೆಟ್ಟಿಂಗ್ ಬದಲಿಸಿದ. ರೌಟರಿನ ಕೆಂಪು ದೀಪ ಮಿಟುಕಿ ಮಿಟುಕಿ ಹಸಿರಾಯಿತು. ಪರದೆಯ ಮೇಲೆ ಗಣಿತದ ಮೇಷ್ಟ್ರು ಪ್ರತ್ಯಕ್ಷರಾಗಿ, "ಕೇಳಿಸ್ತಾ ಇದೆಯೇನ್ರೋ?" ಅಂದರು. ನಾನು ಪೊರಕೆಯನ್ನು ಮೂಲೆಗಿಟ್ಟೆ.

"ಇವತ್ತಿಂದ ನನ್ ಫೋನೇ ನಿಮ್ ಕೇಬಲ್ಲು," ಅಂದ.

ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದದ್ದು ಹೊಂಗೆಮರದ ಕಡೆಯ ಕಿಟಕಿಯಲ್ಲಿ ಮಾತ್ರ. ಮಾರನೇ ದಿನ ಉದ್ದದ ವೈರು ತಂದು ಫೋನನ್ನು ಅಲ್ಲಿಟ್ಟ.

"ಮತ್ತೆ ನಿಮಗೆ ಫೋನು ಬೇಡವಾ?"

"ಹತ್ತರಿಂದ ಹನ್ನೆರಡು ನಿಮ್ದು. ಆಮ್ಯಾಕೆ ನಂದು. ಕಾಲ್ ಬಂದ್ರೆ ನೆಟ್ ಕಟ್ ಆಯ್ತದೆ ಅಂತ ಎಲ್ಲಾ ಕಾಲನ್ನೂ ನಮ್ಮಪ್ಪನ ಫೋನಿಗೆ ತಿರುಗಿಸಿವ್ನಿ. ಈಗ ಚೌಡಯ್ಯನೋರೇ ನನ್ ಸೆಕ್ರೆಟರಿ."

ಕರೆಂಟು ಹೋಗಿ ಬಂದಾಗಲೆಲ್ಲ ಟೆದರಿಂಗನ್ನು ಮತ್ತೆ ಆನ್ ಮಾಡಬೇಕಿತ್ತು. ಹಾಗಾಗಿ ಫೋನಿನ ಪಿನ್ನನ್ನೂ ನನಗೆ ಹೇಳಿಕೊಟ್ಟ. ಒಬ್ಬ ಗಂಡಸು ತನ್ನ ಫೋನಿನ ಪಿನ್ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮೆಸೇಜ್ ಬಂದು ಪರದೆ ಬೆಳಗಿದಾಗ ಕಣ್ಣು ಆ ಕಡೆ ಹೋಗಬಾರದೆಂದು ಅದರ ಮೇಲೆ ನನ್ನ ಕರ್ಚೀಫು ಮುಚ್ಚಿದೆ.

"ತೆಗೀರಿ ಮೇಡಂ, ಮೊದ್ಲೇ ಬಿಸಿ ಆಗೈತೆ," ಎಂದು ಹೊರಗಿನಿಂದಲೇ ಕೂಗಿದ. "ನೋಡಿದ್ರೆ ನೋಡಿ. ನನ್ ತಾವ ಮುಚ್ಚಿಡೋಂಥದ್ ಏನೈತೆ?"

"ಏನೂ ಇಲ್ವಾ?"

ಅವನು ತಲೆ ತಗ್ಗಿಸಿ ಕೂದಲು ಕೆದರಿಕೊಂಡ. "ಫೋನಲ್ಲಂತೂ ಇಲ್ಲ."

ಆ ಎರಡು ಗಂಟೆ ಅವನು ಜಗುಲಿಯ ಮೇಲೆಯೇ ಕೂತಿರುತ್ತಿದ್ದ. ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗಬಹುದಲ್ಲ ಎಂದರೆ, "ಪೆಟ್ರೋಲ್ ಏನಾಗೈತೆ ಗೊತ್ತಾ?" ಅನ್ನುತ್ತಿದ್ದ. ಕೈಗೆ ಫೋನಿಲ್ಲದೆ ಮೊದಮೊದಲು ಜೇಬು ತಡಕುತ್ತಿದ್ದ. ಪಾಪ ಅನ್ನಿಸಿ ಒಂದು ಕಥೆ ಪುಸ್ತಕ ಕೊಟ್ಟೆ. ತುಟಿ ಅಲ್ಲಾಡಿಸುತ್ತಾ, ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದ. ಕೊನೆ ಹಿಡಿಸದಿದ್ದರೆ ತಾನೇ ಬೇರೆ ಕೊನೆ ಕಟ್ಟಿ ಹೇಳುತ್ತಿದ್ದ. ಅವನು ಕಟ್ಟಿದ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ.

ದಿನದ ಡೇಟಾ ಎಲ್ಲ ಪಾಠಕ್ಕೇ ಮುಗಿದು, ಸಂಜೆ ಅವನ ಫೋನು ಬರೀ ಮಾತಾಡುವ ಫೋನಾಗುತ್ತಿತ್ತು. ಅಂಥ ಸಂಜೆಗಳಲ್ಲಿ ನನ್ನ ಸಣ್ಣ ಬಟನ್ ಫೋನಿಗೆ ಕಾಲ್ ಮಾಡುತ್ತಿದ್ದ. "ನಾಳೆ ಪಾಠ ಐತಾ ಮೇಡಂ?" ದಿನಾ ಇರುತ್ತದೆ ಎಂದು ಅವನಿಗೂ ಗೊತ್ತು. "ಐತೆ" ಎಂದು ಹೇಳುವುದಕ್ಕೆ ನಾನು ದಿನಾ ಕಾಯುತ್ತಿದ್ದೆ.

ಭವ್ಯ ಪಾಠಕ್ಕೆ ಮರಳಿದಳು. ಹೊಂಗೆ ನೆರಳಿನಲ್ಲಿ ಎರಡು ತಿಂಗಳು ಹೇಗೆ ಕಳೆದವೋ ತಿಳಿಯಲಿಲ್ಲ.

ಆಗಸ್ಟಿನ ಒಂದು ದಿನ, ಹುಡುಗಿಯರು ಹೊರಟ ಮೇಲೆ, ನನ್ನ ಬಟನ್ ಫೋನನ್ನು ಯಾವುದೋ ಪುಸ್ತಕಗಳ ಮಧ್ಯೆ ಇಟ್ಟು ಮರೆತಿದ್ದೆ. ಹುಡುಕಲೆಂದು ಕಿಟಕಿಯಲ್ಲಿ ಇನ್ನೂ ಇದ್ದ ಅವನ ಫೋನಿನಿಂದ ನನ್ನ ನಂಬರು ಒತ್ತಿದೆ. ಕಪಾಟಿನಲ್ಲಿ ರಿಂಗಾಯಿತು. ಆದರೆ ಅವನ ಪರದೆಯ ಮೇಲೆ ಬರೀ ಹತ್ತು ಅಂಕಿ. ರಾಧಾಮಣಿ ಎಂದಿಲ್ಲ, ಲೈಬ್ರರಿ ಮೇಡಂ ಎಂದೂ ಇಲ್ಲ. ಹೆಸರೇ ಇಲ್ಲ.

ಅಷ್ಟು ಸಂಜೆ ಕಾಲ್ ಮಾಡಿದವನು ನನ್ನ ನಂಬರನ್ನು ಸೇವ್ ಕೂಡ ಮಾಡಿರಲಿಲ್ಲ.

ಅವನನ್ನು ಏನೂ ಕೇಳಲಿಲ್ಲ. ಕೇಳಲು ನಾನ್ಯಾರು? ಮನೆಗೆ ಹೋದಾಗ ಅವ್ವ ಕರಿಯಕ್ಕ ಶಿರಾ ಕಡೆಯ ಗಂಡಿನ ಮಾತೆತ್ತಿದಳು. ಹಿಂದೆ ಎರಡು ಸಲ ಬೇಡ ಅಂದಿದ್ದೆ. ಈ ಸಲ, "ಬಂದು ನೋಡ್ಕೊಂಡು ಹೋಗ್ಲಿ ಬುಡವ್ವ," ಅಂದೆ. ಕುರಿ ದೊಡ್ಡಿಯಿಂದ ಆಗಷ್ಟೇ ಬಂದ ಅಪ್ಪ ಬೋರಪ್ಪನ ಮುಖ ಅರಳಿತು.

ಆ ಸಂಜೆ ಅವನ ಕಾಲ್ ಬಂತು. ಎತ್ತಲಿಲ್ಲ. ಮರುದಿನದಿಂದ ಅವನು ಮಾತಾಡಿಸಿದರೆ ಹ್ಞೂಂ, ಉಹ್ಞೂಂ, ಅಷ್ಟೇ. ಅವನು ಪುಸ್ತಕದ ಒಂದೇ ಪುಟವನ್ನು ಎರಡು ಗಂಟೆ ಹಿಡಿದು ಕೂತಿರುತ್ತಿದ್ದ.

ಅದೇ ವಾರ ಲೈನಿನವರು ಬಂದು ಕೇಬಲ್ ಜೋಡಿಸಿದರು. ರಂಗನಾಥ ಕಿಟಕಿಯಿಂದ ಫೋನು ಬಿಡಿಸಿಕೊಂಡ, ಉದ್ದದ ವೈರನ್ನು ನಿಧಾನವಾಗಿ ಸುತ್ತಿದ. ಅಷ್ಟು ನಿಧಾನವಾಗಿ ಯಾರೂ ವೈರು ಸುತ್ತುವುದಿಲ್ಲ. "ಬತ್ತೀನಿ ಮೇಡಂ," ಅಂದ. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

ಜಗುಲಿಯಲ್ಲಿ ಮಹಾಲಿಂಗಯ್ಯ ಲೈನಿನವರ ಜೊತೆ ನಿಂತಿದ್ದರು. "ಲೇ ರಂಗ, ಈ ಫಾರಂಗೆ ಲೈಬ್ರರಿ ಅಮ್ಮನ ನಂಬರ್ ಬೇಕಂತೆ. ನಿನ್ ಫೋನಾಗೆ ಐತೇನ್ಲಾ?"

ಅವನ ಫೋನು ಆಗಲೇ ಬೈಕಿನ ಬ್ಯಾಗು ಸೇರಿತ್ತು. ಅದನ್ನು ತೆಗೆಯಲಿಲ್ಲ. ನಿಂತಲ್ಲೇ, ಮಗ್ಗಿ ಒಪ್ಪಿಸುವ ಹಾಗೆ, ನನ್ನ ಹತ್ತು ಅಂಕಿಯನ್ನೂ ತಡವರಿಸದೆ ಹೇಳಿದ.

ಪೆನ್ನು ಕೈಯಿಂದ ಜಾರಿತು. ಹೊರಗೆ ಓಡಿದೆ. ಅವನು ಬೈಕ್ ತಿರುಗಿಸುತ್ತಿದ್ದ.

"ನನ್ನ ನಂಬರು ನಿಮ್ಮ ಫೋನಲ್ಲಿ ಯಾಕೆ ಸೇವ್ ಆಗಿಲ್ಲ?"

ಅವನಿಗೆ ಎಲ್ಲವೂ ಆಗ ಅರ್ಥವಾಯಿತೇನೋ. ಬೈಕ್ ಆಫ್ ಮಾಡಿದ. "ಇದಕ್ಕಾ ಒಂದ್ ವಾರದಿಂದ ಮಾತು ಬಿಟ್ಟಿದ್ದು?"

"ಮೊದಲು ಹೇಳಿ."

"ದಿನಕ್ಕೆ ನಾಕೈದು ಸತ್ತ ಫೋನು ನೋಡ್ತೀನಿ ಮೇಡಂ. ನೀರಿಗೆ ಬಿದ್ದಿದ್ದು, ಬಸ್ ಚಕ್ರಕ್ಕೆ ಸಿಕ್ಕಿದ್ದು. ಜನ ಅಳ್ತಾರೆ, 'ನಂಬರೆಲ್ಲಾ ಹೋಯ್ತಣ್ಣ' ಅಂತ. ಸೇವ್ ಮಾಡಿದ್ದು ಯಾವತ್ತೋ ಒಂದಿನ ಹೋಗೇ ಹೋಯ್ತದೆ." ಮಾಸ್ಕನ್ನು ಗದ್ದಕ್ಕೆ ಇಳಿಸಿದ. "ಬಾಯಿಪಾಠ ಮಾಡ್ಕೊಂಡಿದ್ದು ಹೋಗಲ್ಲ. ಅದ್ಕೇ. ನಮ್ಮಪ್ಪಂದು, ನಮ್ಮವ್ವಂದು, ನಿಮ್ದು. ನಂಗೆ ಬಾಯಿಗೆ ಬರೋದು ಮೂರೇ ನಂಬರು."

ನಾನು ಹೊಂಗೆಮರ ಹಿಡಿದುಕೊಂಡು ನಿಂತೆ. "ನಮ್ಮನೇಲಿ ಶಿರಾದಿಂದ ಗಂಡು ಕರೆಸ್ತಾ ಇದ್ದಾರೆ."

"ಗೊತ್ತು. ಮಹಾಲಿಂಗಯ್ಯನೋರು ಅಂದ್ರು."

"ನೀವೇನೂ ಹೇಳಲ್ವಾ?"

"ಹೇಳ್ಬೋದಾ? ನಾನ್ಯಾರ ಮಗ, ಯಾವ ಬೀದಿಯೋನು ಅಂತ ಗೊತ್ತಲ್ವಾ ನಿಮಗೆ?"

ಗೊತ್ತಿತ್ತು. ಹೈಸ್ಕೂಲಿನಲ್ಲಿ ಅಟೆಂಡರಾಗಿ ಊರಿನ ಮಕ್ಕಳಿಗೆಲ್ಲ ಗಂಟೆ ಹೊಡೆದ ಚೌಡಯ್ಯನ ಮಗ. ಅವರನ್ನು ನಮ್ಮ ಬೀದಿಯ ಮನೆಗಳವರು ಇವತ್ತಿಗೂ ಹೊಸಿಲಾಚೆ ನಿಲ್ಲಿಸಿಯೇ ಮಾತಾಡಿಸುತ್ತಾರೆ ಎಂಬುದೂ ಗೊತ್ತಿತ್ತು.

"ನನಗೆ ಹೇಳಬೇಡಿ," ಅಂದೆ. "ನಮ್ಮಪ್ಪನಿಗೆ ಹೇಳಿ. ನಂದು ನಾನು ಈವತ್ತೇ ಹೇಳ್ತೀನಿ."

ಹೇಳಿದೆ. ಶಿರಾದವರು ಬರಲಿಲ್ಲ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನೊಂದಿಗೆ ಮಾತೇ ಬಿಟ್ಟರು.

ಆ ಭಾನುವಾರ ರಂಗನಾಥ ಬಂದು ಅಂಗಳದ ಕಲ್ಲಿನ ಮೇಲೆ ಕೂತ. ನಾನು ಬಾಗಿಲ ಸಂದಿನಲ್ಲಿ ನಿಂತಿದ್ದೆ.

"ನಿಮ್ಮಪ್ಪಂಗೆ ಗೊತ್ತಾ?" ಅಪ್ಪ ಕೇಳಿದರು.

"ಗೊತ್ತು. ಮೊದ್ಲು ಬೋರಪ್ಪನ್ನ ಕೇಳು ಅಂದ್ರು."

"ನಾನು ಒಲ್ಲೆ ಅಂದ್ರೆ?"

"ಮುಂದಿನ್ ಭಾನುವಾರ ಬತ್ತೀನಿ."

"ಆಗ್ಲೂ ಒಲ್ಲೆ ಅಂದ್ರೆ?"

"ಅದರ ಮುಂದಿನ್ ಭಾನುವಾರ ಬತ್ತೀನಿ."

"ಒಲ್ಲೆ," ಎಂದು ಅಪ್ಪ ಎದ್ದು ದೊಡ್ಡಿಗೆ ಹೋದರು.

ಅವನು ಬಂದ. ಪ್ರತಿ ಭಾನುವಾರ ಹನ್ನೊಂದಕ್ಕೆ ಬರುತ್ತಿದ್ದ, ಅರ್ಧ ಗಂಟೆ ಕೂತು ಹೋಗುತ್ತಿದ್ದ. ಕೆಲವು ಸಲ ಇಬ್ಬರೂ ಕುರಿಗಳಿಗೆ ಬಂದ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಬೀದಿಯವರು ಆಡಿಕೊಂಡರು. ಅಪ್ಪ ಪ್ರತಿ ಸಲ "ಒಲ್ಲೆ" ಎನ್ನುವುದನ್ನು ಬಿಡಲಿಲ್ಲ. ಆದರೆ ಎದ್ದು ಹೋಗುವುದನ್ನು ಯಾವಾಗಲೋ ಬಿಟ್ಟಿದ್ದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಹನ್ನೊಂದಾಯಿತು, ಹನ್ನೆರಡಾಯಿತು, ಅವನ ಸುಳಿವಿಲ್ಲ. ಅಪ್ಪ ಅಂಗಳದಿಂದ ರಸ್ತೆಗೆ ಹೋದರು, ಬಂದರು, ಮತ್ತೆ ಹೋದರು. ಒಳಗೆ ಬಂದು, ಐದು ತಿಂಗಳ ಮೇಲೆ, ನನ್ನ ಕಡೆ ತಿರುಗಿ ಬಾಯಿ ಬಿಟ್ಟರು.

"ಆ ಹುಡ್ಗ ಇನ್ನಾ ಬರ್ಲಿಲ್ವಲ್ಲವ್ವ. ಒಂದ್ ಫೋನ್ ಮಾಡು. ದಾರೀಲಿ ಏನಾತೋ ಏನೋ."

ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನು ಫೋನು ಎತ್ತುವಷ್ಟರಲ್ಲಿ ಅವನೇ ತಿರುವಿನಲ್ಲಿ ಕಾಣಿಸಿದ. ಪಂಕ್ಚರ್ ಆದ ಬೈಕನ್ನು ಬಿಸಿಲಲ್ಲಿ ತಳ್ಳಿಕೊಂಡು ಬರುತ್ತಿದ್ದ, ಅಂಗಿಯೆಲ್ಲ ಒದ್ದೆ. ಅಂಗಳಕ್ಕೆ ಬಂದು, ಎಂದಿನ ಕಲ್ಲಿನ ಮೇಲೆ ಕೂರಲು ಹೋದ.

"ಅಲ್ಲಿ ಬಿಸಿಲು," ಅಂದರು ಅಪ್ಪ. "ಉಂಡ್ಯಾ?"

"ಇಲ್ಲ."

"ಒಳಕ್ ಬಾ."

ಅವನು ಚಪ್ಪಲಿ ಬಿಟ್ಟು, ಹೊಸಿಲ ಮುಂದೆ ಬಂದು ನಿಂತ. ನಿಂತೇ ಇದ್ದ. ಪಕ್ಕದ ಮನೆಯ ಜಗುಲಿಯಿಂದ ಎರಡು ಮುಖ ಇಣುಕಿ ನೋಡುತ್ತಿದ್ದವು. ಅಪ್ಪ ಆ ಕಡೆ ನೋಡಲೂ ಇಲ್ಲ. ಕುರಿಮರಿಯನ್ನು ಹಿಡಿದು ಅಭ್ಯಾಸವಾದ ಒರಟು ಕೈಯನ್ನು ಅವನ ನೆತ್ತಿಯ ಮೇಲಿಟ್ಟು, ಮೆಲ್ಲಗೆ ಬಗ್ಗಿಸಿದರು.

"ತಲೆ ನೋಡ್ಕೊಂಡು ಬಾರಪ್ಪ. ನಮ್ಮನೆ ಬಾಗ್ಲು ಕುಳ್ಳು."