ಚಿತ್ತಾರಿಯ ಕೋಲು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡದ ಕಾಲದಲ್ಲಿ, ಹೊಗೆಗಿರಿ ಅಂತ ಒಂದು ರಾಜ್ಯವಿತ್ತು. ಅದರ ಅರಸ ಗಜಕೇತು. ಕೆಟ್ಟವನೇನಲ್ಲ, ಆದರೆ ಅವನದು ಹಿತ್ತಾಳೆ ಕಿವಿ. ಕೊನೆಗೆ ಯಾರು ಮಾತಾಡಿದರೋ ಅವರೇ ಸರಿ ಅನ್ನುವ ಪೈಕಿ. ಅವನ ಅರಮನೆಯಲ್ಲಿ ಚಿತ್ತಾರಿ ಎಂಬ ಹೆಬ್ಬಾವಿತ್ತು. ಮೂರು ಮಾರು ಉದ್ದ, ಮೈತುಂಬ ರಂಗೋಲಿಯಂಥ ಬಳ್ಳಿ. ಮೊಟ್ಟೆಯೊಡೆದು ಬಂದ ದಿನದಿಂದ ಅದನ್ನು ಸಾಕಿದವನು ಈರಜ್ಜ. ಅವನಿಗೆ ಒಬ್ಬಳೇ ಮಗಳು, ಮಾಳವ್ವ.

ಈರಜ್ಜನದು ಒಂದು ಕಟ್ಟುಪಾಡು. ಹಾವಿನ ಕೋಣೆಗೆ ಹೋಗುವ ಮುಂಚೆ ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆಯಬೇಕು. ಬಾಗಿಲ ಕಿಂಡಿಯಿಂದ ಹುಣಸೆ ಕೋಲು ತೂರಿಸಿ ಹಾವಿನ ನಡುಮೈಯನ್ನು ಮೂರು ಸಲ ಮೆಲ್ಲಗೆ ಸವರಬೇಕು. ಆಮೇಲೆಯೇ ಬಾಗಿಲು. ಊಟದ ದಿನ ಮಾತ್ರ ಕೋಲಿಲ್ಲ, ಬಾಗಿಲು ತೆರೆದು ಮೊಲ ಬಿಟ್ಟರೆ ಆಯಿತು.

“ಕೋಲು ತಾಗಿದರೆ ಮನುಷ್ಯ ಬಂದ. ಕೋಲಿಲ್ಲದೆ ಬಾಗಿಲು ತೆರೆದರೆ ಊಟ ಬಂತು. ಅದಕ್ಕೆ ಗೊತ್ತಿರೋದು ಇಷ್ಟೇ ಮಗಳೇ. ಪ್ರೀತಿ ಗೀತಿ ಎಲ್ಲ ನಾವು ಅಂದುಕೊಳ್ಳೋದು,” ಅನ್ನುತ್ತಿದ್ದ ಈರಜ್ಜ.

ಹೀಗಿರುವಾಗ ಮಾರಕಂಠ ಎಂಬ ಮಾಂತ್ರಿಕ ಆ ಊರಿಗೆ ವಕ್ಕರಿಸಿದ. ಬಂದವನೇ ಒಂದು ಕರಿ ಗುಳಿಗೆಯನ್ನು ಮೊಲದ ಬಾಯಿಗಿಟ್ಟು ಚಿತ್ತಾರಿಗೆ ತಿನ್ನಿಸಿದ. ಬೆಳಗಾಗುವಷ್ಟರಲ್ಲಿ ಹಾವು ಹನ್ನೆರಡು ಮಾರು ಬೆಳೆದಿತ್ತು. ಅರಸ ಬೆಕ್ಕಸಬೆರಗಾದ. ಇಂಥ ದೇವತೆಗೆ ಕೋಲು ತಾಗಿಸುವುದೇ ಅಪಚಾರ ಎಂದು ಮಾರಕಂಠ ಅರಸನೆದುರೇ ಈರಜ್ಜನ ಕೈಯಿಂದ ಕೋಲು ಕಿತ್ತು ಬಿಸಾಡಿದ. ಈರಜ್ಜ ಆಗಷ್ಟೇ ಮೊಲಗಳನ್ನು ಹಿಡಿದು ಬಂದಿದ್ದ, ಕೈ ತೊಳೆದಿರಲಿಲ್ಲ. ಹೋಗು ಒಳಗೆ ಅಂದ ಅರಸ. ಅಷ್ಟು ವರ್ಷ ಸಾಕಿದ ಹಾವು, ತನ್ನ ಗುರುತು ಹಿಡಿಯದೇ ಇರುತ್ತದೆಯೇ ಅಂತ ಆ ಮುದುಕನಿಗೂ ಒಂದು ಗಳಿಗೆ ಅನ್ನಿಸಿರಬೇಕು. ಬೇರೆಯವರಿಗೆ ಬುದ್ಧಿ ಹೇಳಿದವನು ತಾನೇ ಬಾಗಿಲು ತೆರೆದು ಒಳಗೆ ಹೋದ. ಹೊರಗೆ ಬರಲಿಲ್ಲ.

ಮಾರನೆಯ ದಿನ ಚಿತ್ತಾರಿಯ ಬೆನ್ನಿನ ಬಳ್ಳಿಗಳ ನಡುವೆ ಒಂದು ಮುಖ ಮೂಡಿತ್ತು. ಈರಜ್ಜನದೇ ಮುಖ, ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

ಅವನ ಪಾಪದ ವಾಸನೆ ಹಾವಿಗೆ ಹತ್ತಿತು ಎಂದ ಮಾರಕಂಠ. ಅರಸ ಹೌದೌದು ಎಂದ. ಅಂದಿನಿಂದ ಹೊಗೆಗಿರಿಯಲ್ಲಿ ನ್ಯಾಯ ಹೇಳುವ ಕೆಲಸ ಹಾವಿನ ಪಾಲಿಗೆ ಬಂತು. ಆರೋಪ ಹೊತ್ತವರು ಮಾಂತ್ರಿಕ ಕೊಟ್ಟ ಬಿಳಿ ಬಟ್ಟೆ ಹೊದ್ದು ಮೂರು ಬೆಳಗ್ಗೆ ಹಾವಿನ ಕೋಣೆಯಲ್ಲಿ ಕೂರಬೇಕು. ಬದುಕಿದರೆ ನಿರಪರಾಧಿ. ಏಳು ವರ್ಷದಲ್ಲಿ ಆರು ಮಂದಿ ಕೂತರು, ಒಬ್ಬರೂ ಎರಡನೆಯ ಬೆಳಗು ಕಾಣಲಿಲ್ಲ. ಹಾವಿನ ಬೆನ್ನ ಮೇಲೆ ಏಳು ಮುಖಗಳಾದವು. ಅರಸನೋ, ತೀರ್ಪಿನ ಭಾರ ತಪ್ಪಿತಲ್ಲ ಅಂತ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದ.

ಮಾಳವ್ವನನ್ನು ಮೊಲದ ಗೂಡಿನ ಅಂಗಳ ಗುಡಿಸಲು ಹಾಕಿದರು. ಅಪ್ಪ ಹಿಡಿದ ಹುಣಸೆ ಕೋಲನ್ನು ಅವಳು ತಿಪ್ಪೆಯಿಂದ ಹೆಕ್ಕಿ ತಂದು ಪೊರಕೆಗೆ ಹಿಡಿಕೆ ಮಾಡಿಕೊಂಡಿದ್ದಳು. ಏಳು ವರ್ಷ ತುಟಿ ಪಿಟಕ್ಕೆನ್ನದೆ ಗುಡಿಸಿದಳು.

ಅವಳ ಗಂಡ ಹಾಲಪ್ಪ ಬಾವಿ ತೋಡುವವನು. ಒಂದು ದಿನ ಮಾರಕಂಠ ಒಂದು ಕಡೆ ಬೊಟ್ಟು ಮಾಡಿ, ಇಲ್ಲಿ ಪಾತಾಳಗಂಗೆ ಇದೆ, ಅಗೆ ಅಂದ. ಹಾಲಪ್ಪ ಮಣ್ಣು ಮೂಸಿ, ಇಲ್ಲಿ ಬಂಡೆ ಬಿಟ್ಟರೆ ಏನೂ ಇಲ್ಲ ಸ್ವಾಮಿ ಅಂದುಬಿಟ್ಟ. ಹತ್ತು ಜನರ ಮುಂದೆ ಅಂದ, ಅದೇ ತಪ್ಪಾಯಿತು. ಸಂಜೆಗೆ ಅವನ ಕೈಗೆ ಹಗ್ಗ ಬಿತ್ತು.

ಸುದ್ದಿ ಕೇಳಿ ಮಾಳವ್ವ ಪೊರಕೆ ಹಿಡಿದು ನಿಂತಲ್ಲೇ ನಿಂತಳು. ಎದುರಿಗೆ ಮೊಲದ ಗೂಡು, ಗೂಡಿನೊಳಗೆ ಹಾಸಿದ ಬಿಳಿ ಬಟ್ಟೆ. ಏಳು ವರ್ಷದಿಂದ ಆ ಬಟ್ಟೆಯನ್ನು ನೋಡಿದ್ದಳು, ಮೊಲಗಳಿಗೆ ಬೆಚ್ಚಗಿರಲಿ ಅಂತ ಯಾರೋ ಹಾಸಿದ್ದು ಅಂದುಕೊಂಡಿದ್ದಳು. ಆರೋಪ ಹೊತ್ತವರಿಗೆ ಹೊದಿಸುತ್ತಿದ್ದುದು ಇದನ್ನೇ, ಹಾವಿಗೆ ಹತ್ತಿದ ಪಾಪದ ವಾಸನೆ ಅಂದರೆ ಮೊಲದ ವಾಸನೆ ಎಂದು ಅವಳಿಗೆ ಆಗ ತಿಳಿಯಿತು. ಅಯ್ಯೋ, ನನ್ನ ಕಣ್ಣಿಗೆ ಮಣ್ಣು ಹಾಕ, ಇಷ್ಟು ದಿನ ಇದರ ಪಕ್ಕದಲ್ಲೇ ಗುಡಿಸಿದೆನಲ್ಲ ಅಂತ ತಲೆ ಚಚ್ಚಿಕೊಂಡಳು.

ಅಳುತ್ತ ಕೂತರೆ ಆಗುತ್ತದೆಯೇ? ಗೂಡಿನ ಬಟ್ಟೆಯನ್ನು ಎಳೆದುಕೊಂಡು, ಅಂಥದ್ದೇ ಇನ್ನೊಂದನ್ನು ಸೀಗೆಯಲ್ಲಿ ಒಗೆದು, ಭಟರು ಬಟ್ಟೆ ಒಯ್ಯಲು ಬರುವ ಹೊತ್ತಿಗೆ ಗೂಡಿನ ಬಾಯಲ್ಲಿ ಹರವಿಟ್ಟಳು. ಮೊದಲ ಬೆಳಗ್ಗೆ ಹಾಲಪ್ಪ ಅದನ್ನೇ ಹೊದ್ದು ಕೂತ. ಚಿತ್ತಾರಿ ಬಂದಿತು. ಕಾಲಿನಿಂದ ತಲೆಯವರೆಗೆ ನಾಲಗೆ ಆಡಿಸಿತು. ಏನೂ ಸಿಗದೆ ಮೂಲೆಗೆ ಹೋಗಿ ಸುರುಳಿ ಸುತ್ತಿತು.

ಮಾರಕಂಠನ ಹೊಟ್ಟೆಗೆ ಕಿಚ್ಚು ಬಿತ್ತು. ಎರಡನೆಯ ಬೆಳಗ್ಗೆ ಕೋಣೆಯ ಕಿಟಕಿ ಮುಚ್ಚಿಸಿ, ಶುದ್ಧಿಯ ನೆಪದಲ್ಲಿ ನೂರು ಕೊಡ ತಣ್ಣೀರು ಹೊಯ್ಯಿಸಿದ. ಹಾವು ಚಳಿಗೆ ನಡುಗಿ ಬಿಸಿ ಎಲ್ಲಿದೆ ಅಂತ ಹುಡುಕಿತು. ಆ ಕೋಣೆಯಲ್ಲಿ ಬೆಚ್ಚಗಿದ್ದುದು ಹಾಲಪ್ಪನ ಮೈ ಒಂದೇ. ಒಂದು ಸುತ್ತು ಸುತ್ತಿತು, ಎರಡು ಸುತ್ತಿತು.

ಮಾಳವ್ವ ಕಿಂಡಿಗೆ ಬಾಯಿಟ್ಟು ಹೇಳಿದಳು: “ಅದಕ್ಕೆ ಹಸಿವಲ್ಲ, ಚಳಿ. ನೀವು ಒದ್ದಾಡಿದರೆ ಬಿಗಿಯುತ್ತದೆ. ಬಾವಿಯಲ್ಲಿ ಮಣ್ಣು ಕುಸಿದಾಗ ಹೇಗಿರುತ್ತೀರೋ ಹಾಗಿರಿ.”

ಬಾವಿ ತೋಡುವವನಿಗೆ ಅದು ಹೊಸದಲ್ಲ. ಎದೆವರೆಗೆ ಹೂತಾಗ ಸಣ್ಣ ಸಣ್ಣ ಉಸಿರೆಳೆದು ಕಾಯುವುದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಕಾದ. ಬಿಸಿಲು ಏರಿ ಗೋಡೆ ಕಾದಾಗ ಹಾವು ಸಡಿಲಿಸಿ ಗೋಡೆಯ ಕಡೆ ಹೋಯಿತು. ಅವನ ಎರಡು ಪಕ್ಕೆಲುಬು ಮುರಿದಿದ್ದವು, ಜೀವ ಇತ್ತು.

ಮೂರನೆಯ ಬೆಳಗ್ಗೆ ಮಾರಕಂಠ ಯಾರನ್ನೂ ನಂಬಲಿಲ್ಲ. ತಾನೇ ಗೂಡಿಗೆ ಕೈ ಹಾಕಿ ಮೊಲಗಳನ್ನು ಹಿಡಿದು, ಬಟ್ಟೆಯನ್ನು ಅವುಗಳ ಮೈಗೆ ಚೆನ್ನಾಗಿ ಉಜ್ಜಿ, ಹೆಗಲಿಗೆ ಹಾಕಿಕೊಂಡು ಬಂದ. ಅರಸನೂ ಊರೂ ನೆರೆದಿತ್ತು. ಮಾಳವ್ವ ಪೊರಕೆ ಹಿಡಿದು ಕಿಂಡಿಯ ಪಕ್ಕ ನಿಂತಿದ್ದಳು. ಒಳಗೆ ಇಣುಕಿದಳು. ಚಿತ್ತಾರಿಯ ಕಣ್ಣು ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿದ್ದವು. ಪೊರೆ ಬಿಡುವ ಕಾಲ ಬಂದಿತ್ತು.

ಅವಳು ಅರಸನ ಕಾಲಿಗೆ ಬಿದ್ದಳು. ಪೊರೆ ಬರುವಾಗ ಹಾವಿಗೆ ಕಣ್ಣು ಕಾಣದು, ಭಯಕ್ಕೆ ಅಲ್ಲಾಡಿದ್ದನ್ನೆಲ್ಲ ಹಿಡಿಯುತ್ತದೆ, ಒಂಬತ್ತು ದಿನ ಬಿಟ್ಟು ನೋಡಿ ಎಂದು ಬೇಡಿಕೊಂಡಳು. ಅರಸ ಆಗಲಿ ಅನ್ನುವುದರಲ್ಲಿದ್ದ. ಮಾರಕಂಠ ನಕ್ಕ. ಚಿತ್ತಾರಿ ನನ್ನನ್ನು ಮನಸ್ಸಿನಿಂದ ಕಾಣುತ್ತಾಳೆ, ಮೊದಲು ನಾನೇ ಹೋಗಿ ಅವಳ ಹಣೆಗೆ ಮುತ್ತಿಟ್ಟು ಬರುತ್ತೇನೆ, ಆಮೇಲೆ ಇವನು ಹೋಗಲಿ ಅಂದ. ಮುಂಚೆಯೂ ಎಷ್ಟೋ ಸಲ ಹೋಗಿದ್ದನಲ್ಲ! ಹೋಗುತ್ತಿದ್ದುದು ಹಾವು ಹೊಟ್ಟೆ ತುಂಬಿ ತೂಕಡಿಸುವಾಗ ಅನ್ನುವುದನ್ನು ಅವನು ಮರೆತಿದ್ದ. ಅದನ್ನೇ ಪ್ರೀತಿ ಅಂದುಕೊಂಡಿದ್ದ.

ಮಾಳವ್ವ ಎದ್ದು ನಿಂತಳು. “ಅಯ್ಯಾ, ಹೋಗಬೇಡಿ. ಹಾವು ಹಸಿದಿದೆ. ನಿಮ್ಮ ಕೈಗೆ ಮೊಲದ ವಾಸನೆ ಹತ್ತಿದೆ, ತೊಳೆದುಕೊಳ್ಳಿ.”

“ಕಸ ಗುಡಿಸುವವಳು ನನಗೆ ಹೇಳುತ್ತೀಯಾ?” ಅಂದ ಅವನು.

ಅವಳು ಒಂದು ಸಲ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಅವಳ ಕೈಯಲ್ಲಿ ಹುಣಸೆ ಕೋಲಿತ್ತು. ಹೆಗಲಿನ ಪಕ್ಕದಲ್ಲೇ ಕಿಂಡಿ ಇತ್ತು. ಕೋಲು ತೂರಿಸಿ ಮೂರು ಸಲ ಸವರಿದ್ದರೆ ಸಾಕಿತ್ತು, ಅಪ್ಪನ ಕಾಲದ ಆ ಗುರುತನ್ನು ಹಾವು ಮರೆತಿರಲಿಕ್ಕಿಲ್ಲ. ಅವಳ ಕಣ್ಣು ಒಳಗೆ ಹಾವಿನ ಬೆನ್ನ ಮೇಲಿದ್ದ ಮೊದಲನೆಯ ಮುಖದ ಮೇಲೆ ನೆಟ್ಟಿತು. ಕೋಲು ಕೈಯಲ್ಲೇ ಉಳಿಯಿತು.

ಮಾರಕಂಠ ಬಾಗಿಲು ತೆರೆದು ಕೈ ಚಾಚಿದ. ಮಾಡಿದ್ದುಣ್ಣೋ ಮಹಾರಾಯ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾವು ಆ ಕೈಯನ್ನೇ ಹಿಡಿಯಿತು, ಆಮೇಲೆ ಅವನನ್ನು ಸುತ್ತಿತು. ಮಂತ್ರ ಹೇಳಲು ಉಸಿರು ಬೇಕಲ್ಲ, ಪ್ರತಿ ಉಸಿರು ಬಿಟ್ಟಾಗಲೂ ಸುತ್ತು ಬಿಗಿಯಾಯಿತು. ಊರಿಗೆ ಊರೇ ನೋಡುತ್ತಿತ್ತು, ಒಬ್ಬರೂ ಕದಲಲಿಲ್ಲ.

ಅವನ ಪ್ರಾಣ ಹೋದದ್ದೇ ತಡ, ಗುಳಿಗೆಯ ಮಾಯೆಯೂ ಹೋಯಿತು. ಚಿತ್ತಾರಿಯ ತುಟಿಯ ಹತ್ತಿರ ಪೊರೆ ಬಿರಿಯಿತು. ಹನ್ನೆರಡು ಮಾರಿನ ಪೊರೆ ನೆಲದ ಮೇಲೆ ಉಳಿದು, ಒಳಗಿನಿಂದ ಮೂರು ಮಾರಿನ ಹಾವು ಹೊರಗೆ ಬಂದಿತು. ಅದು ಹೆದರಿ ಮೂಲೆ ಸೇರಿತು. ಭಟರು ಈಟಿ ಎತ್ತಿದರು. ಮಾಳವ್ವ ಅಡ್ಡ ನಿಂತು, ಅದರದೇನು ತಪ್ಪು, ಅದು ಯಾವತ್ತೂ ಹಾವೇ ಆಗಿತ್ತು, ಅದನ್ನು ನ್ಯಾಯಾಧೀಶ ಮಾಡಿದವರು ನಾವು ಅಂದಳು. ಅರಸ ತಲೆ ತಗ್ಗಿಸಿದ.

ಅವಳು ಆ ಪೊರೆಯನ್ನು ಅಂಗಳದಲ್ಲಿ ಹಾಸಿದಳು. ಸತ್ತವರು ಎದ್ದು ಬರುತ್ತಾರೆ ಅಂತ ಅವರವರ ಮನೆಯವರು ಕಾದರು. ಯಾರೂ ಬರಲಿಲ್ಲ. ಬಿಸಿಲು ಬಿದ್ದ ಹಾಗೆ ಆರು ಮುಖಗಳು ಒಂದೊಂದಾಗಿ ಕಣ್ಣು ಮುಚ್ಚಿ ಅಳಿಸಿಹೋದವು. ಈರಜ್ಜನದು ಕೊನೆಗೆ ಉಳಿಯಿತು. ಆ ಮುಖ ಮಗಳನ್ನು ನೋಡಿತು, ಮಗಳ ಕೈಯಲ್ಲಿದ್ದ ಕೋಲನ್ನು ಬಹಳ ಹೊತ್ತು ನೋಡಿತು. ಆಮೇಲೆ ಅದೂ ಕಣ್ಣು ಮುಚ್ಚಿತು. ಮಾಳವ್ವ ಪೊರೆಯ ಮೇಲೆ ಬಿದ್ದು ಅತ್ತಳು.

ಅಂದಿನಿಂದ ಅರಸ ತಾನೇ ಕೂತು, ಎರಡೂ ಕಡೆ ಕೇಳಿ ನ್ಯಾಯ ಹೇಳತೊಡಗಿದ. ಹಾಲಪ್ಪನ ಪಕ್ಕೆಲುಬು ಕೂಡಿದವು, ಅವನು ತೋಡಿದ ಬಾವಿಗಳಲ್ಲಿ ಸಿಹಿನೀರು ಬಂತು. ಅವನಿಗೂ ಮಾಳವ್ವನಿಗೂ ಮಕ್ಕಳಾದವು, ಮೊಮ್ಮಕ್ಕಳಾದವು. ಹೊಗೆಗಿರಿಯ ಜನ ಉಂಡುಟ್ಟು ಸುಖವಾಗಿದ್ದರು.

ಮಾಳವ್ವ ಮುದುಕಿಯಾಗುವವರೆಗೂ ಚಿತ್ತಾರಿಯನ್ನು ಸಾಕಿದಳು. ದಿನಾ ಕೈ ತೊಳೆದು, ಕಿಂಡಿಯಿಂದ ಕೋಲು ತೂರಿಸಿ ಮೂರು ಸಲ ಸವರಿ ಬಾಗಿಲು ತೆರೆಯುತ್ತಿದ್ದಳು. ನೀನು ಒಂದು ದಿನವೂ ಮರೆತಿಲ್ಲವೇ ಅಜ್ಜಿ ಅಂತ ಮೊಮ್ಮಗಳು ಒಮ್ಮೆ ಕೇಳಿದಳು.

“ಮರೆತಿಲ್ಲ ಮಗಾ,” ಅಂದಳು ಮಾಳವ್ವ. “ಒಂದು ದಿನ ನೆನಪಿದ್ದೂ ಸವರಲಿಲ್ಲ.”