ಹನ್ನೆರಡು ದಿನ ನಿಂತ ಕಾರು

"ಮುಟ್ಟಬೇಡಿ! ಆ ಮುಚ್ಚಳ ಮುಟ್ಟಬೇಡಿ ಅಂದೆ!"

ಕೂಗುತ್ತಲೇ ಓಡಿದಳು ಅವಳು. ಗ್ಯಾರೇಜಿನ ಬಾಗಿಲಲ್ಲೇ ನಿಂತುಹೋಗಿದ್ದ ಹಳೆಯ ಬಿಳಿ ಕಾರಿನ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಉದ್ದನೆಯ ಮನುಷ್ಯನೊಬ್ಬ ಅದರ ಮೇಲೆ ಬಾಗಿ, ಕರವಸ್ತ್ರ ಸುತ್ತಿದ ಕೈಯಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟಿದ್ದ. ಅವಳು ಅವನ ಕೈಗೆ ಛಟೀರನೆ ಹೊಡೆದು ಆಚೆ ತಳ್ಳಿದಳು.

ಅಯ್ಯೋ... ಗುರುತು ಪರಿಚಯವಿಲ್ಲದ ಗಂಡಸಿಗೆ ನಡುಬೀದಿಯಲ್ಲಿ ಹೊಡೆದುಬಿಟ್ಟೆನಲ್ಲ!

"ಕುದಿಯೋ ನೀರು ಮುಖಕ್ಕೆ ಹಾರಿದ್ರೆ ಕಣ್ಣೇ ಹೋಗತ್ತೆ. ಅರ್ಧ ಗಂಟೆ ಆರಬೇಕು. ಅಷ್ಟೂ ಗೊತ್ತಿಲ್ವಾ?"

ಅವನು ತನ್ನ ಮಣಿಕಟ್ಟು ನೋಡಿಕೊಂಡ. ಗ್ರೀಸಿನ ನಾಲ್ಕು ಕಪ್ಪು ಬೆರಳುಗಳು ಅಲ್ಲಿ ಮೂಡಿದ್ದವು.

"ಗೊತ್ತಿರಲಿಲ್ಲ. ಇನ್ನು ಮರೆಯಲ್ಲ," ಎಂದ. "ಆರೋವರೆಗೂ ಇಲ್ಲೇ ನಿಂತಿರಬಹುದಾ? ಇಲ್ಲಾ, ಇನ್ನೊಂದು ಏಟು ಬೀಳತ್ತಾ?"

ಒಳಗೆ ಕಾರಿನ ಬಾಗಿಲೊಂದಕ್ಕೆ ಬಣ್ಣ ಹೊಡೆಯುತ್ತಿದ್ದ ಅವಳ ಸೋದರಮಾವ ಗೊಳ್ಳೆಂದು ನಕ್ಕ. "ಕೂತ್ಕೊಳ್ಳಿ ಸಾರ್! ನಮ್ಮ ಹುಡುಗಿ ಮೊದಲು ಗಿರಾಕಿಗೆ ಹೊಡೀತಾಳೆ, ಆಮೇಲೆ ಗಾಡಿ ನೋಡ್ತಾಳೆ!"

ಅಪ್ಪ ತೀರಿಕೊಂಡು ಗ್ಯಾರೇಜು ಅವಳ ಹೆಗಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಬೀದಿಯವರಿಗೆಲ್ಲ ಅವಳು ಪಾನಾ ಅಕ್ಕ. ನಟ್ಟು ಬಿಚ್ಚುವ ಪಾನಾ ಹಿಡಿಯದ ಅವಳ ಕೈಯನ್ನು ಯಾರೂ ಕಂಡವರಿಲ್ಲ. ಮುರಿದ ಗಾಡಿ, ಮುದಿ ಗಾಡಿ ಎಂದರೆ ಅವಳಿಗೆ ಜೀವ. ಬ್ರೇಕು ಸವೆದ ಕಾರಿಗೆ ದೊಡ್ಡ ಟಚ್ ಸ್ಕ್ರೀನ್ ಹಾಕಿಸಲು ಬಂದವರಿಗೆ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಮೊದಲು ನಿಲ್ಲೋದು ಕಲಿಸೋಣ, ಆಮೇಲೆ ಹಾಡಿಸೋಣ" ಎಂದು ಮುಖಕ್ಕೇ ಹೇಳುತ್ತಿದ್ದಳು.

ಅವಳಿಗೊಂದು ಹೆಮ್ಮೆಯೂ ಇತ್ತು. ಗಾಡಿ ನೋಡಿ ಮನುಷ್ಯರನ್ನು ಓದುವ ಹೆಮ್ಮೆ. ಕ್ಲಚ್ಚು ಸವೆದ ರೀತಿಯಲ್ಲೇ ಅವಸರದವನೋ ಅಂಜುಬುರುಕನೋ ಹೇಳಿಬಿಡುವಳು. ಪಕ್ಕದ ಸೀಟಿನ ಬೆಲ್ಟಿನ ಮೇಲೆ ಧೂಳು ಕೂತಿದ್ದರೆ, "ಪಾಪ, ಒಂಟಿ" ಎನ್ನುವಳು.

"ಮನುಷ್ಯರು ಸುಳ್ಳು ಹೇಳ್ತಾರೆ ಮಾವ. ಗಾಡಿ ಹೇಳಲ್ಲ."

ಆ ಉದ್ದನೆಯವನು ಜಮೀನು ಅಳೆಯುವ ಸರ್ವೇಯರ್. ಮಾವ "ಅಳತೆ ಸಾರ್" ಎಂದ, ಆ ಹೆಸರೇ ನಿಂತಿತು. ಅವನ ಕಾರಿಗೆ ಇಪ್ಪತ್ತೆರಡು ವರ್ಷ. ಪಕ್ಕದ ಸೀಟಿನ ಬೆಲ್ಟಿನ ಮೇಲೆ... ಧೂಳು.

ಅದನ್ನು ಕಂಡು ತನಗೇಕೆ ಸಮಾಧಾನವಾಯಿತೋ, ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ಅವನು ಬರತೊಡಗಿದ. ಒಮ್ಮೆ ವೈರಿಂಗು, ಒಮ್ಮೆ ಬುಷ್ಷು, ಒಮ್ಮೆ ಬಾಗಿಲಿನ ರಬ್ಬರು. ಅವಳು ಗಾಡಿಯ ಕೆಳಗೆ ಮಲಗಿದ್ದರೆ ಅವನು ಮಂಡಿಯೂರಿ ಟಾರ್ಚು ಹಿಡಿಯುತ್ತಿದ್ದ. ಗ್ಯಾರೇಜಿನ ಅಂಗಳದಲ್ಲಿ ಸದಾ ನೀರು ನಿಲ್ಲುವುದನ್ನು ಕಂಡು ಒಂದು ಭಾನುವಾರ ತನ್ನ ಉಪಕರಣ ತಂದು, ಇಳಿಜಾರು ಅಳೆದು, ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಟ್ಟ. ಗೆರೆಯಗುಂಟ ಕಾಲುವೆ ತೋಡಿದರು. ನೀರು ಸರಾಗವಾಗಿ ಹರಿದುಹೋಯಿತು.

"ನೀರೂ ಹೋಯ್ತು, ನಮ್ಮ ಹುಡುಗಿ ಮನಸ್ಸೂ ಹೋಯ್ತು," ಎಂದು ಮಾವ ಛೇಡಿಸಿದ.

"ಸುಮ್ನಿರು ಮಾವ, ಬ್ರಶ್ಶಲ್ಲಿ ಹೊಡೀತೀನಿ!"

ಹಿಂದೊಮ್ಮೆ ಅವಳನ್ನು ನೋಡಲು ಬಂದ ಗಂಡೊಬ್ಬ ಅವಳ ಉಗುರಿನ ಸಂದಿಯ ಕಪ್ಪು ನೋಡಿ, ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದುಹೋಗಿದ್ದ. ಅಳತೆಯವನು ಅದೇ ಕೈಗಳನ್ನು ನೋಡುತ್ತ ಒಂದು ದಿನ ಹೇಳಿದ್ದ, "ಈ ಕೈಗೆ ಗಾಡಿ ಕೊಟ್ಟು ಹೋದ್ರೆ ನಿದ್ದೆ ಬರತ್ತೆ ನನಗೆ."

ಆ ರಾತ್ರಿ ಅವಳಿಗೇ ನಿದ್ದೆ ಬರಲಿಲ್ಲ.

ಆರನೆಯ ತಿಂಗಳು ಅವನ ಬೇಡಿಕೆಗಳು ವಿಚಿತ್ರವಾದವು. ಹಿಂದಿನ ಶಾಕ್ ಅಬ್ಸಾರ್ಬರ್ ಮೆತ್ತಗಿರಬೇಕು, ಹಳ್ಳ ದಿಣ್ಣೆ ಗೊತ್ತಾಗಬಾರದು. ಎಸಿ ಗಾಳಿ ಹಿಂದಿನ ಸೀಟಿಗೂ ಮುಟ್ಟಬೇಕು. ಯಾಕೆ ಎಂದರೆ, "ಸುಮ್ನೆ... ಇರಲಿ" ಎನ್ನುತ್ತಿದ್ದ. ಮುಖ ಬಾಡಿತ್ತು. ಕೇಳಲು ಅವಳಿಗೆ ಸಂಕೋಚ. ಹೇಳಲು ಅವನಿಗೆ ಏನೋ ಅಡ್ಡಿ.

ಒಂದು ಬೆಳಿಗ್ಗೆ ಕ್ಲಚ್ಚು ಪೂರ್ತಿ ಕೈಕೊಟ್ಟು, ಗಾಡಿಯನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ.

"ಸ್ವಲ್ಪ ಬೇಗ ಆದ್ರೆ ಒಳ್ಳೇದು," ಎಂದ. ಆಮೇಲೆ ತಡೆದು ತಡೆದು, "ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು. ಒಂದ್ಸಲ... ನಮ್ಮನೆಗೆ ಬರ್ತೀರಾ?"

ಅವಳು ನಾಚಿಕೆ ಮುಚ್ಚಿಕೊಳ್ಳಲು ಕಾರಿನೊಳಗೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಸರಿದಿತ್ತು. ಇಷ್ಟುದ್ದ ಕಾಲಿನ ಇವನು ಅಲ್ಲಿ ಕೂರುವುದು ಸಾಧ್ಯವೇ ಇಲ್ಲ. ಕನ್ನಡಿ ಕೆಳಕ್ಕೆ ಬಾಗಿತ್ತು, ತಲೆಯೊಂದರಷ್ಟು ಗಿಡ್ಡ ಇರುವವರಿಗೆ ಬೇಕಾದಂತೆ. ಹಿಂದಿನ ಸೀಟಿನಲ್ಲಿ ಹೂವಿನ ಚಿತ್ತಾರದ ಪುಟ್ಟ ದಿಂಬು.

ಹೆಂಗಸು! ಈ ಗಾಡಿ ಓಡಿಸುವ ಹೆಂಗಸೊಬ್ಬಳಿದ್ದಾಳೆ. ಅವಳಿಗಾಗಿ ಮೆತ್ತನೆಯ ಸವಾರಿ. ಅವಳಿಗಾಗಿ ತಣ್ಣನೆಯ ಗಾಳಿ. ಈಗ ಮನೆಗೆ ಕರೆದು ಪರಿಚಯಿಸುತ್ತಾನೆ: 'ಇವರೇ ನಮ್ಮ ಮೆಕ್ಯಾನಿಕ್' ಎಂದು!

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಹೊಟ್ಟೆಯಲ್ಲಿ ಕಿಚ್ಚು ಎದ್ದವರಿಗೆ ಪರಾಂಬರಿಸುವ ವ್ಯವಧಾನ ಎಲ್ಲಿಂದ ಬರಬೇಕು?

"ನನಗೆ ಪುರುಸೊತ್ತಿಲ್ಲ," ಎಂದಳು, ಅವನ ಮುಖ ನೋಡದೆ. "ಕ್ಲಚ್ ಪ್ಲೇಟು ಸ್ಟಾಕಿಲ್ಲ. ಹಳೇ ಗಾಡಿ, ಎಲ್ಲೂ ಸಿಗಲ್ಲ. ಹದಿನೈದು ದಿನ ಆಗತ್ತೆ."

"ಹದಿನೈದು ದಿನಾನಾ..." ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. "ಸರಿ. ನಿಮಗೆ ಆದಾಗ."

ಅವನು ತಿರುವು ದಾಟಿದ ಮೇಲೆ ಮಾವ ಹತ್ತಿರ ಬಂದ. "ಪ್ಲೇಟು ಶೆಲ್ಫಲ್ಲೇ ಇದೆಯಲ್ಲೇ! ನಾನೇ ಇಟ್ಟಿದ್ದು."

"ಅದು ಬೇರೆಯವರಿಗೆ."

"ಈ ಗಾಡಿ ಈ ಊರಲ್ಲಿ ಇರೋದೇ ಒಂದು!"

ಅವಳು ಕಾರನ್ನು ಹಿಂದಿನ ಗೋಡೆಗೆ ತಳ್ಳಿಸಿ, ಮೇಲೆ ಟಾರ್ಪಾಲು ಎಳೆದಳು.

ನಾಲ್ಕನೆಯ ದಿನ ಫೋನು. "ಬಂತಾ ಪ್ಲೇಟು?"

"ಇಲ್ಲ."

ಏಳನೆಯ ದಿನ. "ಏನಾದ್ರೂ ಸುದ್ದಿ...?"

"ಬಂದ್ರೆ ನಾನೇ ಹೇಳ್ತೀನಿ. ಪದೇಪದೇ ಫೋನ್ ಮಾಡಬೇಡಿ."

ಆಮೇಲೆ ಫೋನು ಬರಲಿಲ್ಲ. ಬರದಿದ್ದುದಕ್ಕೂ ಅವಳಿಗೆ ಸಿಟ್ಟೇ!

ಹನ್ನೆರಡನೆಯ ದಿನ ಬೆಳಿಗ್ಗೆ ಮಾವ ಸಿಡುಕಿದ. "ಜಗಳ ಮನುಷ್ಯನ ಮೇಲೆ, ಶಿಕ್ಷೆ ಗಾಡಿಗಾ? ಮುಗಿಸಿ ಕಳ್ಸು ಅತ್ಲಾಗೆ!"

ಅವಳು ಟಾರ್ಪಾಲು ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಕ್ಲಚ್ಚು ಕೂತಿತು. ಒಂದೇ ಒಂದು ಹೊತ್ತಿನ ಕೆಲಸ! ಪೆಡಲು ತುಳಿದು ನೋಡಲು ಡ್ರೈವರ್ ಸೀಟಿನಲ್ಲಿ ಕೂತಳು. ಅಭ್ಯಾಸಬಲದಿಂದ ಕನ್ನಡಿಯತ್ತ ಕಣ್ಣೆತ್ತಿದಳು.

ಹಿಂದಿನ ಗಾಜು ಕಾಣಲಿಲ್ಲ. ರಸ್ತೆಯೂ ಇಲ್ಲ. ಅವಳೂ ಗಿಡ್ಡನೆಯವಳೇ... ಆದರೂ ಕಾಣುತ್ತಿದ್ದುದು ಹಿಂದಿನ ಸೀಟಿನ ಮೂಲೆ ಮಾತ್ರ. ಆ ದಿಂಬು ಮಾತ್ರ.

ಎಷ್ಟೇ ಗಿಡ್ಡ ಇದ್ದರೂ ರಸ್ತೆ ಬಿಟ್ಟು ದಿಂಬು ನೋಡುತ್ತ ಯಾರು ಗಾಡಿ ಓಡಿಸುತ್ತಾರೆ?

ಇಳಿದು ಹೋಗಿ ಡಿಕ್ಕಿ ತೆರೆದಳು. ಹಳೆಯ ರಗ್ಗಿನಲ್ಲಿ ಸುತ್ತಿದ ಹಲಗೆ. ಅಂಚು ಉಜ್ಜಿ ನುಣುಪು ಮಾಡಿ, ಸ್ಪಂಜು ಅಂಟಿಸಿ, ಕೆಳಗೆ ನಾಲ್ಕು ಕಾಲು ಕೂರಿಸಿದ್ದ ಹಲಗೆ. ಜೊತೆಗೆ ಮಡಚಿಟ್ಟ ರಬ್ಬರ್ ಹಾಸು, ಆಸ್ಪತ್ರೆಯ ಚೀಟಿಗಳ ಕವರು. ಹಲಗೆಯನ್ನು ಹಿಂದಿನ ಸೀಟಿಗೂ ಮುಂದೆ ಸರಿದ ಸೀಟಿಗೂ ನಡುವೆ ಇಟ್ಟು ನೋಡಿದಳು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಾಸಿಗೆಯಾಯಿತು.

ಚೀಟಿಯಲ್ಲಿ ರೋಗಿಯ ವಯಸ್ಸು ಎಪ್ಪತ್ತೊಂದು. ಗಂಡು. ಬೆನ್ನುಮೂಳೆ. ದಿನ ಬಿಟ್ಟು ದಿನ ನೋವು ತಗ್ಗಿಸುವ ಚಿಕಿತ್ಸೆ. ಮಲಗಿದವರಿಗೆ ಜಾಗ ಬಿಡಲು ಅವನು ಸೀಟು ಮುಂದೆ ಎಳೆದು, ಮಂಡಿ ಮಡಚಿಕೊಂಡೇ ಓಡಿಸಿದ್ದ; ಅವರ ಮುಖ ಕಾಣಲೆಂದು ಕನ್ನಡಿ ಬಗ್ಗಿಸಿದ್ದ.

ಗಾಡಿ ಸುಳ್ಳು ಹೇಳಿರಲಿಲ್ಲ. ಓದಿದವಳೇ ತಪ್ಪು ಓದಿದ್ದಳು.

"ಮಾವ, ಅವರ ಮನೆ ಗೊತ್ತಾ?"

ಮಾವ ದಾರಿ ಹೇಳಿದ. ಅವಳು ಕೈ ಕೂಡ ತೊಳೆಯದೆ ಕಾರು ಹೊರಡಿಸಿದಳು. 'ದೇವರೇ, ತಡವಾಗದಿರಲಿ... ಇವತ್ತೇ ನಾನೇ ಕೂರಿಸಿಕೊಂಡು ಹೋಗುತ್ತೇನೆ, ದಿನಾ ಹೋಗುತ್ತೇನೆ...'

ಆ ಮನೆಯ ಬಾಗಿಲಲ್ಲಿ ಹತ್ತಿಪ್ಪತ್ತು ಜೊತೆ ಚಪ್ಪಲಿಗಳಿದ್ದವು.

ಅವಳು ಎಂಜಿನ್ ಆರಿಸಿದಳು.

ಒಳಗಿನಿಂದ ಬಂದ ಹಿರಿಯ ಹೆಂಗಸು ಅವನ ಸೋದರತ್ತೆ, ಅವನಪ್ಪನ ತಂಗಿ. ಗಾಡಿಯನ್ನೂ ಅವಳ ಕೈಯನ್ನೂ ನೋಡಿ ತಾನೇ ಗುರುತು ಹಿಡಿದಳು.

"ನೀನೇನಾ ಗ್ಯಾರೇಜಿನ ಹುಡುಗಿ? ನಿನ್ನ ನೋಡಬೇಕು ಅಂತಿದ್ದ ಕಣಮ್ಮ ನಮ್ಮಣ್ಣ. ಇವನು ದಿನಾ ನಿನ್ನ ಮಾತೇ ಆಡ್ತಿದ್ನಲ್ಲ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಾಲ್ಕು ದಿನ ಆಯ್ತು ಹೋಗಿ. ಕೊನೇ ವಾರ ಬಹಳ ನರಳಿದ. ಆಂಬುಲೆನ್ಸು ಹತ್ತಲ್ಲ ಅಂತ ಹಟ. ಬಾಡಿಗೆ ಗಾಡೀಲಿ ಮಲಗೋಕೆಲ್ಲಿ ಜಾಗ? ಕೂತ್ಕೊಂಡೇ ಹೋದ, ಹಲ್ಲು ಕಚ್ಚಿಕೊಂಡು. 'ನಮ್ಮ ಗಾಡಿ ಬಂತೇನೋ' ಅಂತ ಕೇಳ್ತಾನೇ ಇದ್ದ..."

"ನನಗೆ... ಯಾಕೆ ಹೇಳಲಿಲ್ಲ ಯಾರೂ?"

"ಅಣ್ಣ ಬಿಟ್ರೆ ತಾನೆ! ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ರೋಗದ ಹೆಸರು ಹೇಳಿ ಸಾಲು ಮುರೀಬೇಡ, ಬೇರೆಯವರಿಗೂ ಅವಸರ ಇರತ್ತೆ ಅನ್ನೋನು."

ಅಷ್ಟರಲ್ಲಿ ಅವನು ಹೊರಗೆ ಬಂದ. ಕೆನ್ನೆ ಒಳಗೆ ಹೋಗಿತ್ತು. ಕಾರನ್ನು ನೋಡಿ ಮೆಲ್ಲಗೆ ಹೇಳಿದ, "ಪ್ಲೇಟು ಬಂತಾ? ನೀವೇ ತಂದು ಕೊಟ್ರಾ... ಥ್ಯಾಂಕ್ಸ್. ನಿಮಗೆ ತೊಂದ್ರೆ ಆಯ್ತು."

ಹೂಂ ಎಂದುಬಿಟ್ಟರೆ ಮುಗಿಯಿತು! ಯಾರಿಗೂ ಗೊತ್ತಾಗುವುದಿಲ್ಲ. ಇವನು ನಾಳೆ ಅತ್ತುಕೊಂಡು ಬರುವುದು ತನ್ನ ಬಳಿಗೇ. ತಾನೇ ಸಮಾಧಾನ ಮಾಡಬಹುದು. ತಾನೇ ಇವನವಳಾಗಬಹುದು... ಒಂದು ಹೂಂ ಸಾಕು.

ಅವಳ ನಾಲಿಗೆ ಆ ಹೂಂ ಎನ್ನಲು ಒಪ್ಪಲಿಲ್ಲ.

"ಬರೋದೇನಿರಲಿಲ್ಲ. ಪ್ಲೇಟು ಮೊದಲನೇ ದಿನದಿಂದ ನನ್ನ ಶೆಲ್ಫಲ್ಲೇ ಇತ್ತು."

ಅವನಿಗೆ ಅರ್ಥವಾಗಲಿಲ್ಲ.

"ಸೀಟು ಮುಂದೆ ಸರಿದಿತ್ತು. ಕನ್ನಡಿ ಬಗ್ಗಿತ್ತು. ನಿಮಗೆ ಯಾರೋ ಇದಾರೆ ಅಂದ್ಕೊಂಡೆ. ಹೊಟ್ಟೆ ಉರೀತು. ಬೇಕಂತಾನೇ ಕಾಯಿಸಿದೆ. ಅದು ಅರ್ಧ ದಿನದ ಕೆಲಸ."

ಅವನು ಹಿಂದಿನ ಸೀಟಿನ ದಿಂಬು ನೋಡಿದ, ಅವಳತ್ತ ಕೈ ಚಾಚಿದ. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಕೀ ಕೊಡಿ," ಎಂದ.

ಕೊಟ್ಟಳು. ಒಳಗೆ ಹೋದ. ಬಾಗಿಲು ಮುಚ್ಚಿತು.

ಅವಳು ನಡೆದೇ ವಾಪಸಾದಳು.

ತಿಂಗಳುಗಳು ಕಳೆದವು. ಅವನು ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ಯುತ್ತಿದ್ದಾನೆಂದು ಗಿರಾಕಿಗಳು ಹೇಳಿದರು. ಅವಳು ಯಾರ ಗಾಡಿಯನ್ನೂ ಓದುವುದನ್ನು ಬಿಟ್ಟಿದ್ದಳು. ಏನು ಬೇಕೋ ಬಾಯಿಬಿಟ್ಟು ಕೇಳುವಳು, ಯಾಕೆ ಬೇಕೆಂದೂ ಕೇಳುವಳು.

"ಅವತ್ತು ಯಾಕೆ ಹೇಳಿದ್ಯೇ?" ಒಂದು ದಿನ ಮಾವ ತಡೆಯಲಾರದೆ ಅಂದ. "ಮುಚ್ಚಿಟ್ಟಿದ್ರೆ ಇಷ್ಟೊತ್ತಿಗೆ ನಿನ್ನ ಮದುವೆ ಆಗಿರೋದು."

"ಮುಚ್ಚಿಟ್ಕೊಂಡು ಅವರ ಪಕ್ಕ ಹೇಗೆ ಕೂತಿರಲಿ ಮಾವ?"

ಮಾವ ಬ್ರಶ್ಶನ್ನು ಬಣ್ಣಕ್ಕೆ ಅದ್ದಿ ಕೆಲಸಕ್ಕೆ ತಿರುಗಿದ.

ಐದನೆಯ ತಿಂಗಳ ಒಂದು ಸಂಜೆ, ಅವಳು ಕೈ ತೊಳೆಯುತ್ತಿದ್ದಾಗ ಹಿಂದೆ ಹೆಜ್ಜೆ ಸದ್ದಾಯಿತು. ತಿರುಗಿದಳು. ಅವನು! ಕಾರಿರಲಿಲ್ಲ. ನಡೆದು ಬಂದಿದ್ದ.

ಸೋಪಿನ ನೊರೆ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಬೈಯೋಕೆ ಅಂತ ಮೂರು ಸಲ ಹೊರಟೆ," ಎಂದ. "ಅರ್ಧ ದಾರಿಗೆ ವಾಪಸ್ ಹೋದೆ."

"ಇವತ್ತು ಬೈಯಿರಿ."

"ಅಪ್ಪ ಹೋಗಿದ್ದು ನಿಮ್ಮಿಂದ ಅಲ್ಲ. ಡಾಕ್ಟರು ಎರಡು ತಿಂಗಳ ಮುಂಚೇನೇ ಕೈ ಚೆಲ್ಲಿದ್ರು. ಆದ್ರೆ ನಾಲ್ಕು ಸಲ ಅವರು ಕೂತ್ಕೊಂಡು ಹೋದ್ರಲ್ಲ, ತಿರುವಲ್ಲಿ ನನ್ನ ಕೈ ಹಿಡಿದು ಅತ್ರಲ್ಲ... ಅದು ನಿಮ್ಮಿಂದ. ಬಾಯಿ ಬಿಡದೆ ಇದ್ದದ್ದು ನನ್ನಿಂದ. ಆ ನಾಲ್ಕು ಸಲ ಮಾತ್ರ ನಿಮ್ಮದು. ಅದಕ್ಕಿಂತ ಒಂದಿಂಚು ಹೆಚ್ಚು ಹೊರಬೇಡಿ. ಒಂದಿಂಚು ಕಮ್ಮಿಯೂ ಬೇಡ."

ಅವಳು ಅತ್ತಳು. ಮುಖ ಮುಚ್ಚಿಕೊಳ್ಳಲು ಹೋದರೆ ಕೈತುಂಬ ನೊರೆ.

"ಅವತ್ತು ಮನೆಗೆ ಕರೆದದ್ದು ಅಪ್ಪನಿಗೆ ತೋರಿಸೋಕೆ," ಎಂದ ಅವನು. "'ಇವಳನ್ನ ಮದುವೆ ಆಗ್ತೀನಿ' ಅಂತ ಹೇಳೋಕೆ. ಈಗ ಹೇಳೋಕೆ ಅಪ್ಪ ಇಲ್ಲ. ಹೇಳಬೇಕು ಅನ್ನೋ ಆಸೆ ಮಾತ್ರ ಹೋಗ್ಲಿಲ್ಲ. ಎಷ್ಟು ಬೈಕೊಂಡ್ರೂ ಹೋಗ್ಲಿಲ್ಲ."

"ನನ್ನ... ಕ್ಷಮಿಸಿದ್ರಾ?"

"ಇಲ್ಲ." ಅವನು ಸುಳ್ಳು ಹೇಳಲಿಲ್ಲ. "ಯಾವತ್ತು ಆಗತ್ತೋ ಗೊತ್ತಿಲ್ಲ. ಒಂದೊಂದು ದಿನ ನೆನಪಾಗಿ ಊಟದ ಮಧ್ಯೆ ಎದ್ದು ಹೋಗ್ತೀನೇನೋ. ಮಾತೇ ಆಡಲ್ವೇನೋ. ಅಂಥವನ ಜೊತೆ ಇರೋಕಾಗತ್ತಾ ನಿಮಗೆ?"

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

"ಎದ್ದು ಹೋದ್ರೆ ತಟ್ಟೆ ಮುಚ್ಚಿಟ್ಟಿರ್ತೀನಿ."

"ಆರಿ ಹೋಗತ್ತೆ."

"ಬಿಸಿ ಮಾಡಿ ಕೊಡ್ತೀನಿ," ಎಂದಳು. "ನೀವು ವಾಪಸ್ ಬಂದ್ರೆ ಸಾಕು."